ಬಾವಿಯ ನೀರಿಗೆ ಕ್ಲೋರಿನ್: ಆರಿಸುವ ಮತ್ತು ಬಳಸುವ ಕ್ರಮ

ನೀರು ತಿಳಿಯಾಗಿದೆ, ರುಚಿಯಾಗಿದೆ ಎಂಬ ಕಾರಣಕ್ಕಾಗಿಯೇ ಅದು ಶುದ್ಧವೆಂದು ನಂಬುವುದು ತಪ್ಪು. ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ಕಾಮಾಲೆ ಮೊದಲಾದ ರೋಗಗಳನ್ನು ಹರಡುವ ಜೀವಾಣುಗಳು ಕಣ್ಣಿಗೆ ಕಾಣುವಂಥವಲ್ಲ. ರೋಗಿಯ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಮಳೆನೀರಿನೊಡನೆ ಬಾವಿಗೆ, ಬಾವಿಯಿಂದ ಕೊಡದ ಮೂಲಕ ಮಗುವಿನ ಬಾಯಿಗೆ ಅವು ಬಂದು ಸೇರುತ್ತವೆ. ಬೆಳೆದವರು ಒಂದೆರಡು ದಿನ ನರಳಿ ಚೇತರಿಸಿಕೊಳ್ಳಬಹುದು. ಎಳೆಯ ಮಗುವಾದರೋ ವಾಂತಿಭೇದಿಯಿಂದ ಕೆಲವೇ ಗಂಟೆಗಳಲ್ಲಿ ಮೈಯ ನೀರನ್ನು ಕಳೆದುಕೊಂಡು ಪ್ರಾಣಾಪಾಯಕ್ಕೆ ಗುರಿಯಾಗುತ್ತದೆ. ಆದುದರಿಂದ ಬಾವಿಯ ನೀರನ್ನು ಶುದ್ಧಗೊಳಿಸುವ ಕ್ರಮವನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಅವಶ್ಯಕ.

ಈ ವಿಧಾನ ಹೊಸದೇನಲ್ಲ. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ವಿಷಮಶೀತ ಜ್ವರ ಹಬ್ಬಿದಾಗ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಲಾಯಿತು. 1908ರಲ್ಲಿ ಅಮೆರಿಕದ ಜರ್ಸಿ ನಗರವೂ ಇದನ್ನು ಅನುಸರಿಸಿತು. ಆ ಬಳಿಕ ಇದು ಲೋಕದಲ್ಲೆಲ್ಲ ಬಳಕೆಗೆ ಬಂದಿತು.

ಯಾವುದನ್ನು ಆರಿಸಬೇಕು?

ಕ್ಲೋರಿನ್ ಮೂಲತಃ ವಿಷಾನಿಲ. ಅನಿಲರೂಪದ ಕ್ಲೋರಿನ್ನನ್ನು ನಗರಗಳ ನೀರು ಸರಬರಾಜು ಕೇಂದ್ರಗಳಲ್ಲಿ ತರಬೇತಿ ಪಡೆದವರು ಮಾತ್ರ ಬಳಸುತ್ತಾರೆ. ಬಾವಿಗೆ ಯೋಗ್ಯವಾದುದು ಚೆಲುವೆಪುಡಿ, ಅಂದರೆ ಬ್ಲೀಚಿಂಗ್ ಪೌಡರ್. ಕೊಡದ ನೀರಿಗೆ ಕ್ಲೋರಿನ್ ಮಾತ್ರೆಗಳು ಅನುಕೂಲ. ಅವುಗಳನ್ನು ಪೊಟ್ಟಣದ ಮೇಲೆ ಸೂಚಿಸಿರುವ ಪ್ರಮಾಣದಲ್ಲಿಯೇ ಹಾಕಬೇಕು.

ಹೊಸ ಚೆಲುವೆಪುಡಿಯಲ್ಲಿ ನೂರಕ್ಕೆ ಸುಮಾರು 33 ಭಾಗ ಉಪಯುಕ್ತ ಕ್ಲೋರಿನ್ ಇರುತ್ತದೆ. ಗಾಳಿ, ಬೆಳಕು ಮತ್ತು ತೇವ ತಗುಲಿದಂತೆಲ್ಲ ಅದರ ಸತ್ತ್ವ ಕುಂದುತ್ತದೆ. ಬೆಳ್ಳಗೆ, ಒಣಗಿ, ಘಾಟು ವಾಸನೆಯಿಂದ ಕೂಡಿದ ಪುಡಿಯನ್ನೇ ಕೊಳ್ಳಿರಿ. ತಯಾರಾದ ದಿನಾಂಕವನ್ನು ತಪ್ಪದೆ ನೋಡಿರಿ. ಹೆಂಟೆಗಟ್ಟಿದ, ವಾಸನೆ ಹೋದ ಪುಡಿಯನ್ನು ಎಷ್ಟು ಹಾಕಿದರೂ ಭರವಸೆಯಿಲ್ಲ. ಪುಡಿಯನ್ನು ಬಿಗಿಯಾದ ಮುಚ್ಚಳವುಳ್ಳ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ತಂಪಾದ ಕತ್ತಲೆಯ ಸ್ಥಳದಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ಎಷ್ಟು ಬೇಕು?

ಮೊದಲು ಬಾವಿಯಲ್ಲಿರುವ ನೀರನ್ನು ಲೆಕ್ಕ ಹಾಕಬೇಕು. ಬಾವಿಯ ಅಡ್ಡಳತೆಯನ್ನೂ, ಕಲ್ಲು ಕಟ್ಟಿದ ಹಗ್ಗವನ್ನು ತಳದವರೆಗೆ ಇಳಿಬಿಟ್ಟು ನೀರಿನ ಆಳವನ್ನೂ ಮೀಟರಿನಲ್ಲಿ ಅಳೆಯಿರಿ. ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ಆಳದಿಂದಲೂ 3.14ರಿಂದಲೂ ಗುಣಿಸಿ, 4ರಿಂದ ಭಾಗಿಸಿರಿ. ಅದನ್ನು 1000ದಿಂದ ಗುಣಿಸಿದರೆ ಲೀಟರುಗಳು ದೊರೆಯುತ್ತವೆ.

ಉದಾಹರಣೆಗೆ, ಅಡ್ಡಳತೆ 2 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ ಬಾವಿಯಲ್ಲಿ 12,560 ಲೀಟರ್ ನೀರಿರುತ್ತದೆ. 1000 ಲೀಟರಿಗೆ 2.5 ಗ್ರಾಂ ಉತ್ತಮ ಪುಡಿಯಂತೆ ಇದಕ್ಕೆ ಸುಮಾರು 32 ಗ್ರಾಂ ಬೇಕು. ಈ ಪ್ರಮಾಣವನ್ನು ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ಒಂದು ಲೋಟದಲ್ಲಿ ತುಂಬಿ ಗೆರೆ ಹಾಕಿಟ್ಟುಕೊಂಡರೆ ಮುಂದೆ ಸುಲಭವಾಗುತ್ತದೆ. ಆ ಲೋಟವನ್ನು ಬೇರೆ ಕೆಲಸಕ್ಕೆ ಬಳಸಕೂಡದು. ಮಳೆಗಾಲದಲ್ಲಿ ನೀರು ಏರಿದಾಗ, ಬೇಸಿಗೆಯಲ್ಲಿ ಇಳಿದಾಗ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಬೆರೆಸುವ ಕ್ರಮ

ಪುಡಿಯನ್ನು ಒಣಗಿದಂತೆಯೇ ಬಾವಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಸೇರಿಸಿ ತೆಳುವಾಗಿ ಕಲಸಿರಿ. ಬಳಿಕ ಬಕೆಟಿನ ಮುಕ್ಕಾಲು ಭಾಗ ನೀರು ತುಂಬಿ ಚೆನ್ನಾಗಿ ಕಲಕಿ, ಹತ್ತು ನಿಮಿಷ ಅಲುಗಿಸದೆ ಬಿಡಿರಿ. ಸುಣ್ಣದ ಗಸಿ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೊಂದು ಬಕೆಟಿಗೆ ಬಗ್ಗಿಸಿಕೊಳ್ಳಿರಿ; ಗಸಿಯನ್ನು ಬಾವಿಗೆ ಹಾಕಿದರೆ ನೀರು ಗಡುಸಾಗುತ್ತದೆ. ತಿಳಿ ತುಂಬಿದ ಬಕೆಟನ್ನು ಹಗ್ಗದಿಂದ ನೀರಿನೊಳಕ್ಕೆ ಇಳಿಸಿ, ಮೇಲೆ ಕೆಳಗೆ, ಅತ್ತ ಇತ್ತ ಆಡಿಸಿ ನೀರೆಲ್ಲ ಬೆರೆಯುವಂತೆ ಮಾಡಿರಿ. ಕನಿಷ್ಠ ಒಂದು ಗಂಟೆಯ ಕಾಲ ಯಾರೂ ನೀರು ಸೇದಬಾರದು. ರಾತ್ರಿ ಎಲ್ಲರೂ ನೀರು ಸೇದಿ ಮುಗಿಸಿದ ಮೇಲೆ ಈ ಕೆಲಸ ಮಾಡುವುದು ಉತ್ತಮ.

ಸಾಕಾಯಿತೆಂದು ತಿಳಿಯುವುದು ಹೇಗೆ?

ಹಾಕಿದ ಕ್ಲೋರಿನ್ನಿನ ಒಂದು ಪಾಲು ನೀರಿನಲ್ಲಿರುವ ಕಶ್ಮಲದೊಡನೆ ಸೇರಿ ವ್ಯಯವಾಗುತ್ತದೆ. ಉಳಿದ ಪಾಲೇ ನಿಮ್ಮ ಕಾವಲುಗಾರ. ಒಂದು ಗಂಟೆಯ ಬಳಿಕ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆಯ ಮಾತ್ರೆಯನ್ನು ಹಾಕಿದಾಗ ನೀರು ತಾಳುವ ಗುಲಾಬಿ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿ ಇದನ್ನು ಅರಿಯಬಹುದು. ಇದಕ್ಕಾಗಿ ನಿಮ್ಮ ಆರೋಗ್ಯ ಸಹಾಯಕಿಯರ ನೆರವು ಪಡೆಯಿರಿ. ಬಣ್ಣ ಬಾರದಿದ್ದರೆ ಪುಡಿ ಸತ್ತ್ವಹೀನವಾಗಿರಬೇಕು, ಇಲ್ಲವೆ ನೀರು ಹೆಚ್ಚು ಮಲಿನವಾಗಿರಬೇಕು. ಮತ್ತೆ ಬೆರೆಸಿ, ಮತ್ತೆ ಪರೀಕ್ಷಿಸಬೇಕು. ರೋಗ ಹಬ್ಬಿರುವ ಕಾಲದಲ್ಲಿ ದಿನವೂ ಕ್ಲೋರಿನ್ ಬೆರೆಸಬೇಕು.

ನೀರಿಗೆ ತುಸು ವಾಸನೆ ಬಂದಿತೆಂದು ಬಾವಿಯನ್ನು ಬಿಟ್ಟು ಕೆರೆಯ ನೀರನ್ನು ತರುವುದು ಅವಿವೇಕ. ವಾಸನೆ ಸ್ವಲ್ಪ ಹೊತ್ತಿನಲ್ಲಿ ತಗ್ಗುತ್ತದೆ. ರೋಗವಾದರೆ ಮನೆಯನ್ನೇ ಹೊಕ್ಕುತ್ತದೆ.

ಎಚ್ಚರಿಕೆಗಳು

1. ಚೆಲುವೆಪುಡಿಯನ್ನು ಆಮ್ಲದೊಡನೆ, ಶೌಚಾಲಯ ತೊಳೆಯುವ ದ್ರವದೊಡನೆ ಎಂದಿಗೂ ಬೆರೆಸಬೇಡಿರಿ. ಉಸಿರುಗಟ್ಟಿಸುವ ವಿಷಾನಿಲ ಏಳುತ್ತದೆ.

2. ಪುಡಿ ಕಣ್ಣಿಗೆ ಬಿದ್ದರೆ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಿರಿ.

3. ಕದಡಿದ ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡದು. ಅಂಥ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿಯಿರಿ.

4. ಕ್ಲೋರಿನ್ ಫ್ಲೋರೈಡನ್ನು ತೆಗೆಯಲಾರದು. ಅದಕ್ಕೆ ನೀರಿನ ಪರೀಕ್ಷೆಯೂ ಬೇರೆಯ ಉಪಾಯವೂ ಬೇಕು.

ಬಾವಿಗೆ ಕಟ್ಟೆಯಿಲ್ಲದೆ, ಸುತ್ತಲೂ ಕೊಚ್ಚೆ ನಿಂತು, ಹತ್ತಿರದಲ್ಲಿಯೇ ಬಯಲು ಶೌಚವಿದ್ದರೆ ಎಷ್ಟು ಪುಡಿ ಹಾಕಿದರೂ ಅದು ತಾತ್ಕಾಲಿಕ ರಕ್ಷಣೆಯೇ ಸರಿ. ಕಟ್ಟೆ ಕಟ್ಟಿಸಿ, ಚರಂಡಿ ತೆಗೆಯಿಸಿ, ಕೊಡವನ್ನು ಮುಚ್ಚಿಡಿರಿ. ಹಿಡಿಯುಳ್ಳ ಸೌಟಿನಿಂದಲೇ ನೀರು ತೆಗೆಯಿರಿ. ಇಷ್ಟಾಗಿಯೂ ಮಗುವಿಗೆ ಭೇದಿಯಾದರೆ ತಡಮಾಡದೆ ಓ.ಆರ್.ಎಸ್. ದ್ರಾವಣವನ್ನು ಕುಡಿಸುತ್ತ, ಎದೆಹಾಲನ್ನು ನಿಲ್ಲಿಸದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಒಂದು ಮನೆಯ ಬಾವಿ ಶುದ್ಧವಾದರೆ ಆ ಮನೆಗೆ ಕ್ಷೇಮ. ಊರಿನ ಬಾವಿಗಳೆಲ್ಲ ಶುದ್ಧವಾದರೆ ಊರಿನ ಮಕ್ಕಳಿಗೆಲ್ಲ ಕ್ಷೇಮ.