ಭೇಷ್ ಅನ್ನುವುದಕ್ಕೂ ಹದವಿದೆ

ಸುಗಟೂರು ಹೋಬಳಿಯ ಸರ್ಕಾರಿ ಶಾಲೆಗಳ ಮೇಷ್ಟ್ರು, ಟೀಚರುಗಳಿಗೆ ಈ ಮಾತು. ಶಿಕ್ಷಣ ಹಕ್ಕು ಕಾಯ್ದೆ (2009) ತನ್ನ 17ನೇ ಕಲಂನಲ್ಲಿ ಹೊಡೆತವನ್ನೂ ಹೀಯಾಳಿಕೆಯನ್ನೂ ನಿಷೇಧಿಸಿದೆ. ನಲಿ-ಕಲಿ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳು ಒಟ್ಟಿಗೇ ಇರುತ್ತಾರೆ. ಅವರನ್ನು ಹಿಡಿದಿಡಲು ಉಳಿದಿರುವುದು ಮೆಚ್ಚುಗೆಯೇ.

1. ಏನು ಚೆನ್ನಾಗಿತ್ತು ಅಂತ ಹೇಳಿ. ದಿನಕ್ಕೆ ಐವತ್ತು ಸಲ ಬೀಳುವ 'ವೆರಿ ಗುಡ್' ಮಕ್ಕಳ ಕಿವಿಗೆ ಗಂಟೆಯ ಸದ್ದಿನಷ್ಟೇ. 'ಕಾರ್ಡನ್ನ ತೆಗೆದ ಜಾಗದಲ್ಲೇ ಇಟ್ಟೆಯಲ್ಲ ಪುಟ್ಟಾ, ಇನ್ನೊಬ್ಬರು ಹುಡುಕೋದು ತಪ್ಪಿತು' ಅಂದರೆ, ನಾಳೆಯೂ ಅಲ್ಲೇ ಇಡುತ್ತಾನೆ.

2. ಆಗಲೇ ಹೇಳಿ. ಶನಿವಾರದ ಪ್ರಾರ್ಥನೆವರೆಗೆ ಕಾದರೆ ಮಗುವಿಗೆ ನೆನಪೇ ಇರುವುದಿಲ್ಲ.

3. ತುಂಟನ ಕಡೆ ತಪ್ಪು ಮಾಡಿದಾಗ ಮಾತ್ರ ತಿರುಗಬೇಡಿ. ಬೈಗುಳವೂ ಅವನಿಗೆ ಒಂದು ಬಗೆಯ ಗಮನವೇ. ಸಿಕ್ಕಿದ್ದೇ ಸಾಕು ಅಂತ ಮತ್ತೆ ಕೀಟಲೆ ಮಾಡುತ್ತಾನೆ. ಎರಡು ನಿಮಿಷ ಸುಮ್ಮನೆ ಕೂತು ಬರೆದನೇ? ಆಗ ಹತ್ತಿರ ಹೋಗಿ.

4. ನಲಿ-ಕಲಿ ಕೋಣೆಯ ಚಪ್ಪರ ಬಳಸಿ. ತಲೆಯ ಮೇಲಿನ ದಾರಕ್ಕೆ ಜಾಣರ ಚಿತ್ರಗಳನ್ನೇ ತೂಗುಹಾಕುವ ಚಾಳಿ ನಮ್ಮದು. ಸೊಟ್ಟ 'ಅ' ಬರೆದ ಹಾಳೆಗೂ ಅಲ್ಲಿ ಜಾಗವಿರಲಿ. ಕಲಿಕೆಯ ಒಂದು ಮೆಟ್ಟಿಲು ಮುಗಿದಾಗ 'ಪ್ರಗತಿ ನೋಟ' ಪಟ್ಟಿಯಲ್ಲಿ ಗುರುತು ಹಾಕುವ ಕೆಲಸವನ್ನು ಮಗುವಿನ ಕೈಗೇ ಕೊಡಿ.

5. ಮನೆಯಲ್ಲಿ ತೆಲುಗು ಆಡುವ ಮಗು ಕನ್ನಡದಲ್ಲಿ ಬಾಯಿ ತೆರೆದರೆ ಮೊದಲು ಮೆಚ್ಚಿ, ವ್ಯಾಕರಣ ಆಮೇಲೆ. ನೀವು ತೆಲುಗಿನಲ್ಲೇ 'ಬಾಗುಂದಿ' (ಚೆನ್ನಾಗಿದೆ) ಅಂದರೂ ನಷ್ಟವೇನಿಲ್ಲ.

6. ಚಾಕೊಲೇಟ್ ಆಸೆ ತೋರಿಸಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಸಂಶೋಧಕರು ಅಮೆರಿಕದಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಪತ್ರ ಕೊಡುವುದಾಗಿ ಮೊದಲೇ ಹೇಳಿ ಅವರಿಂದ ಚಿತ್ರ ಬರೆಸಿದರು. ಕೆಲ ದಿನಗಳ ಮೇಲೆ ನೋಡಿದರೆ, ಆ ಮಕ್ಕಳಿಗೆ ಬಣ್ಣದ ಪೆನ್ನುಗಳ ಮೇಲಿನ ಆಸಕ್ತಿಯೇ ಕುಗ್ಗಿತ್ತು. ಮೊದಲೇ ಗೊತ್ತಿಲ್ಲದೆ ಪತ್ರ ಪಡೆದವರ ಆಸಕ್ತಿ ಹಾಗೆ ಕುಗ್ಗಿರಲಿಲ್ಲ. ಕೊಡಲೇಬೇಕಿದ್ದರೆ ಕೊಡಿ, ಆದರೆ ಮೊದಲೇ ಸಾರಬೇಡಿ.

7. ಬಹುಮಾನಕ್ಕಿಂತ ಜವಾಬ್ದಾರಿ ರುಚಿ. ಕ್ಷೀರಭಾಗ್ಯದ ಹಾಲಿನ ಲೋಟ ಹಂಚುವ ಸರದಿಯನ್ನು ಯಾವಾಗಲೂ ಮೊದಲ ಸಾಲಿನವರಿಗೇ ಕೊಡಬೇಡಿ. ಈ ವಾರ ಕೊನೆಯ ಸಾಲಿನವನನ್ನು ಕರೆಯಿರಿ.