ಮುಳುಗುವ ಮುನ್ನ ಅಳೆದಿಡೋಣ: ಹಳೇ ಬಾಗಲಕೋಟೆಯ ಪಾಠ

ನಮ್ಮ ಊರು ಜಿಲ್ಲಾ ಕೇಂದ್ರ ಆಗಿದ್ದು 1997ರ ಆಗಸ್ಟ್ 15ಕ್ಕೆ, ವಿಜಯಪುರ ಜಿಲ್ಲೆಯಿಂದ ಬೇರೆಯಾದಾಗ. ನವನಗರ ಮುಳುಗಡೆಯ ಜನರಿಗಾಗಿ ಕಟ್ಟಿದ ಊರು. ಅದರ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈ ಇದೆ. ಆದರೆ ಊರಿನ ಇತಿಹಾಸ ಹುಡುಕಿದರೆ ಸೆಕ್ಟರ್ ನಂಬರುಗಳಲ್ಲಿ ಸಿಗೋದಿಲ್ಲ. ಅದಕ್ಕೆ ಕೆಳಗೆ ಘಟಪ್ರಭೆಯ ದಂಡೆಗೆ ಇಳಿಯಬೇಕು.

ಹಳೇ ಊರು

ಶಾಸನಗಳಲ್ಲಿ ಇದರ ಹೆಸರು ಬಾಗಡಗೆ. ಆದಿಲ್‌ಶಾಹಿ, ಸವಣೂರು ನವಾಬರು, ಪೇಶ್ವೆಗಳು ಆಳಿದ ಮೇಲೆ 1818ರಲ್ಲಿ ಬ್ರಿಟಿಷರ ಕೈಸೇರಿತು. 1880ರ ದಶಕದಲ್ಲಿ ಗದಗ–ಹೋಟಗಿ ಮೀಟರ್‌ಗೇಜ್ ರೈಲು ಬಂತು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳೇ ಇತಿಹಾಸ ಹೇಳ್ತಾವ: ಮೊದಲು ಕೋಟೆ, ಸುತ್ತ ವ್ಯಾಪಾರದ ಪೇಟೆಗಳು. ಹೋಳಿಯಲ್ಲಿ ಬಣ್ಣದ ಬಂಡಿಗಳು ಹೊರಡೋದೂ ಈ ಓಣಿಗಳ ಲೆಕ್ಕದಲ್ಲೇ.

ಮೇಲ್ಮುದ್ದಿ ಮನೆಯ ಎಂಜಿನಿಯರಿಂಗ್

ಹಳೇ ಮನೆಗಳಲ್ಲಿ ದಪ್ಪ ಕಲ್ಲಿನ ಗೋಡೆ ಇದ್ದರೂ, ಎಷ್ಟೋ ಕಡೆ ಚಾವಣಿಯ ಭಾರ ಹೊರೋದು ಮರದ ಕಂಬ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ, ಆಮೇಲೆ ಮಣ್ಣು. ಅಂದರೆ ಇದು ನಾವು ಓದುವ ಫ್ರೇಮ್ ಸ್ಟ್ರಕ್ಚರೇ! ಮೇಲಿನ ಪದರಕ್ಕೆ ಸವಳು ಮಣ್ಣು ಯಾಕೆ? ಸೋಡಿಯಂ ಹೆಚ್ಚಿರುವ ಮಣ್ಣಿನ ಜೇಡಿ ಕಣಗಳು ನೀರು ಬಿದ್ದಾಗ ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ, ನೀರು ಒಳಗೆ ಇಳಿಯೋದಿಲ್ಲ. ಬೇಸಿಗೆಯಲ್ಲಿ ಅದೇ ದಪ್ಪ ಮಣ್ಣು ಬಿಸಿಲನ್ನು ತಡೆಯುತ್ತದೆ. ಬೆಳಕಿಗೆ ಬೆಳಕಿಂಡಿ, ಕಾಳಿಗೆ ಹಗೇವು, ಮಾತಿಗೆ ಮನೆ ಮುಂದಿನ ಕಟ್ಟೆ.

ನೀರಿನ ಲೆಕ್ಕ

ಆಲಮಟ್ಟಿ ಅಣೆಕಟ್ಟೆಗೆ ಶಂಕುಸ್ಥಾಪನೆ ಆಗಿದ್ದು 1964ರಲ್ಲಿ. ಕೃಷ್ಣೆಯ ಹಿನ್ನೀರು ಘಟಪ್ರಭೆಯೊಳಗೂ ಹಿಂದಕ್ಕೆ ಸರಿದು ಹಳೇ ಊರಿನ ಭಾಗಗಳನ್ನು ನುಂಗಿತು. ಈಗಿನ ಪೂರ್ಣ ಮಟ್ಟ 519.60 ಮೀಟರ್. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256 ಮೀಟರ್‌ವರೆಗೆ ಒಪ್ಪಿದೆ. ವ್ಯತ್ಯಾಸ 4.656 ಮೀಟರ್. ಇಷ್ಟೇ ಏನು ಅಂತೀರಾ? ನೆಲದ ಇಳಿಜಾರು 200ಕ್ಕೆ 1 ಇದ್ದರೆ ನೀರು ಅಡ್ಡಕ್ಕೆ ಸರಿಯೋದು 4.656 × 200, ಅಂದರೆ ಸುಮಾರು 931 ಮೀಟರ್. 500ಕ್ಕೆ 1 ಇದ್ದರೆ 2.3 ಕಿಲೋಮೀಟರ್! ನದಿದಂಡೆಯ ಊರಿಗೆ ಪ್ರತಿ ಮೀಟರೂ ಒಂದೊಂದು ಓಣಿ.

ಈ ನೀರು ಬೇಡ ಅನ್ನೋ ಮಾತಲ್ಲ ಇದು. ಎಷ್ಟೋ ರೈತರ ಹೊಲ ಇದಕ್ಕೇ ಕಾದಿವೆ. ಆದರೆ ಪರಿಹಾರಕ್ಕೆ ಮನೆ ಅಳೆಯುವಾಗ ಉದ್ದ, ಅಗಲ, ಗೋಡೆ, ಚಾವಣಿ, ವಯಸ್ಸು ದಾಖಲಾಗುತ್ತದೆ. ಜಂತಿ ಹೇಗೆ ಕೂಡಿಸಿದ್ದರು, ಎದುರು ಮನೆಯ ಕಟ್ಟೆಗೂ ಈ ಕಟ್ಟೆಗೂ ಎಷ್ಟು ದೂರ ಇತ್ತು ಅನ್ನೋದು ದಾಖಲಾಗೋದಿಲ್ಲ. ಮನೆ ಕೆಡವಿದ ದಿನವೇ ಆ ಜ್ಞಾನವೂ ಹೋಯಿತು.

ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರಿನಿಂದ ಬಸವಣ್ಣನವರ ಐಕ್ಯಮಂಟಪ ಉಳಿಸಲು ಸುತ್ತಲೂ ಬಾವಿಯಂಥ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಿ ನೋಡಬಹುದು. ಒಂದು ಮಂಟಪಕ್ಕೆ ಇದು ಸಾಧ್ಯ, ಇಡೀ ಪೇಟೆಗೆ ಸಾಧ್ಯವಿಲ್ಲ. ಪೇಟೆಗೆ ಉಳಿದಿರುವ ದಾರಿ ನಕ್ಷೆ.

ನಾವು ಮಾಡಬಹುದಾದ್ದು

1. ಮಾಲೀಕರ ಒಪ್ಪಿಗೆ ಪಡೆದು ಒಂದು ಹಳೇ ಮನೆಯ ಪ್ಲ್ಯಾನ್ ಮತ್ತು ಸೆಕ್ಷನ್ ಟೇಪ್ ಹಿಡಿದು ಬರೆಯಿರಿ.
2. ಸರ್ವೇ ಲ್ಯಾಬಿನ ಆಟೋ ಲೆವೆಲ್‌ನಿಂದ ಹೊಸ್ತಿಲಿನ ಮಟ್ಟ ತೆಗೆಯಿರಿ. 524.256ಕ್ಕಿಂತ ಮೇಲೋ ಕೆಳಗೋ ತಿಳಿಯುತ್ತದೆ.
3. ಚಾವಣಿಯ ಪದರ, ಕಂಬಗಳ ಅಂತರ, ಮರದ ಜೋಡಣೆ ಗುರುತಿಸಿ.
4. ಓಣಿಯ ಅಗಲವನ್ನೂ ಕಟ್ಟೆಯ ಎತ್ತರವನ್ನೂ ಸೇರಿಸಿ.
5. ಮನೆಯ ಅಜ್ಜಿ ಒಂದೊಂದು ಭಾಗಕ್ಕೆ ಏನಂತ ಕರೀತಾರೋ ಅದೇ ಪದವನ್ನು ನಕ್ಷೆಯ ಮೇಲೆ ಬರೆಯಿರಿ. ‘ವರಾಂಡಾ’ ಬೇಡ, ‘ಪಡಸಾಲಿ’ ಇರಲಿ.

ನಾಲ್ಕು ಮಂದಿಯ ತಂಡಕ್ಕೆ ಒಂದು ಮನೆಗೆ ಒಂದು ಭಾನುವಾರ ಸಾಕು. ಸಿವಿಲ್‌ನವರು ಅಳೀರಿ, ಕಂಪ್ಯೂಟರ್‌ನವರು ಮೂರು ಆಯಾಮದ ಮಾದರಿ ಮಾಡ್ರಿ, ಉಳಿದವರು ಹಿರಿಯರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಮಳೆಗಾಲ ಶುರುವಾಗೋ ಮುಂಚೆ ಮೊದಲ ಮನೆ ಕಿಲ್ಲಾದಿಂದಲೇ ಆಗಲಿ.