‘ಪೊಲೀಸರಿಗೆ ಹೇಳ್ತೀವಿ’ ಎಂದು ಹೆದರಿಸುವವರಿಗೆ

ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವನನ್ನು ಕಾಣಲೆಂದು ಯುವಕನೊಬ್ಬ ಬಾಡಿಗೆ ಕೋಣೆಗೆ ಹೋಗುತ್ತಾನೆ. ಒಳಗೆ ಇನ್ನಿಬ್ಬರು ಕಾದಿರುತ್ತಾರೆ. ಬಟ್ಟೆ ಬಿಚ್ಚಿಸಿ ವಿಡಿಯೊ ಮಾಡುತ್ತಾರೆ, ಯುಪಿಐ ಪಿನ್ ಒತ್ತಿಸಿ ಖಾತೆ ಬರಿದು ಮಾಡುತ್ತಾರೆ. ಹೊರಗೆ ಕಳಿಸುವಾಗ ಒಂದು ಮಾತು: ‘ಬಾಯಿ ಬಿಟ್ರೆ ನಿಮ್ಮನೆಗೂ ಹೇಳ್ತೀವಿ, ಪೊಲೀಸರಿಗೂ ಹೇಳ್ತೀವಿ.’ ಸಲಿಂಗಿಗಳನ್ನು ಗುರಿ ಮಾಡಿಕೊಂಡ ಸುಲಿಗೆ ನಡೆಯುವುದು ಹೆಚ್ಚುಕಡಿಮೆ ಹೀಗೆ. ಹೋದ ಹಣಕ್ಕಿಂತ ಆ ಕೊನೆಯ ಮಾತೇ ಹುಡುಗನ ನಿದ್ದೆ ಕೆಡಿಸುತ್ತದೆ.

ಪೊಲೀಸರ ಹೆಸರಿನ ಆ ಬೆದರಿಕೆಗೆ ಇಂದು ಕಾನೂನಿನ ಬಲವಿಲ್ಲ.

ವಯಸ್ಕರಿಬ್ಬರು ಒಪ್ಪಿ ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಖಾಸಗಿತನ ಮೂಲಭೂತ ಹಕ್ಕೆಂದ 2017ರ ತೀರ್ಪು. ಅಲ್ಲಿ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ದಂಡಸಂಹಿತೆಗೂ ಈ ಬಗೆಯ ಸುಲಿಗೆಯ ಪರಿಚಯ ಚೆನ್ನಾಗಿಯೇ ಇತ್ತು: ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಮಿನ ಆರೋಪ ಹೊರಿಸುವುದಾಗಿ ಹೆದರಿಸಿ ಹಣ ಕಿತ್ತವನಿಗೆ 388ನೇ ಕಲಂ ಜೀವಾವಧಿ ಶಿಕ್ಷೆಯವರೆಗೂ ಅವಕಾಶ ಇಟ್ಟಿತ್ತು. ದೂರು ಕೊಡಹೋದವನೇ ಆರೋಪಿಯಾಗಬಹುದಿದ್ದ ಕಾಲದಲ್ಲಿ ಅದನ್ನು ನಂಬಿ ಠಾಣೆಯ ಮೆಟ್ಟಿಲು ಹತ್ತುವವರಾದರೂ ಯಾರು?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಇಲ್ಲ. ಸುಲಿಗೆಗೆ 308(2)ರ ಪ್ರಕಾರ 7 ವರ್ಷದವರೆಗೆ ಸಜೆ. ಮೊದಲು ಮಾಮೂಲಿ ಸುಲಿಗೆಗೆ 3 ವರ್ಷವಿತ್ತು. ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗದ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ. ಸಂತ್ರಸ್ತರು ಗಂಡೋ ಹೆಣ್ಣೋ ಎಂಬುದನ್ನು ಆ ಕಲಂ ಕೇಳುವುದಿಲ್ಲ.

ಭಯಕ್ಕೆ, ನಾಚಿಕೆಗೆ ಬಿದ್ದವರು ಮೊದಲು ಮಾಡುವುದು ಚಾಟ್ ಅಳಿಸಿ ಆ್ಯಪ್ ತೆಗೆದುಹಾಕುವುದು. ಹಾಗೆ ಮಾಡಬಾರದು, ಸಾಕ್ಷ್ಯ ಇರುವುದೇ ಅಲ್ಲಿ. ಪ್ರೊಫೈಲ್, ಸಂದೇಶ, ಹಣ ಹೋದ ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಮೂಲ ಸಂದೇಶಗಳನ್ನೂ ಫೋನಿನಲ್ಲಿ ಉಳಿಸಿಕೊಳ್ಳಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಬೇಗ ತಿಳಿಸಿದಷ್ಟೂ ಹಣ ಸೇರಿದ ಖಾತೆಯಲ್ಲೇ ಅದನ್ನು ತಡೆಹಿಡಿಸುವ ಸಾಧ್ಯತೆ ಹೆಚ್ಚು. ಅಪಾಯ ಇನ್ನೂ ಎದುರಿಗಿದ್ದರೆ 112.

ಠಾಣೆಯಲ್ಲಿ ‘ಇದು ನಮ್ಮ ಸರಹದ್ದಲ್ಲ’ ಎಂದರೆ ಅದು ಒಪ್ಪುವ ಮಾತಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇಮೇಲ್‌ನಂಥ ವಿದ್ಯುನ್ಮಾನ ವಿಧಾನದಲ್ಲಿ ಕಳಿಸಿ 3 ದಿನದೊಳಗೆ ಸಹಿ ಹಾಕಲೂಬಹುದು. ‘ಮೊದಲು ವಿಚಾರಣೆ, ಆಮೇಲೆ ಎಫ್‌ಐಆರ್’ ಎಂಬ 14 ದಿನಗಳ ಅವಕಾಶ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಮಾತ್ರ. 308(2)ರ ಸುಲಿಗೆ ಅದರಲ್ಲಿ ಬರುವುದಿಲ್ಲ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಬೇಕು, ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ದೂರುದಾರ ತಾನು ಸಲಿಂಗಿಯೋ ಅಲ್ಲವೋ ಎಂದು ಘೋಷಿಸಬೇಕಾದ ಅಗತ್ಯ ಎಲ್ಲಿಯೂ ಇಲ್ಲ. ಒಂಟಿಯಾಗಿ ಹೋಗಲು ಧೈರ್ಯ ಸಾಲದಿದ್ದರೆ ಉಚಿತ ಕಾನೂನು ನೆರವಿನ 15100 ಇದೆ.

ಒಂದು ಕೊರತೆಯನ್ನು ಮಾತ್ರ ಮುಚ್ಚಿಡಲಾಗದು. 2018ರ ತೀರ್ಪಿನ ನಂತರವೂ ಒಪ್ಪಿಗೆಯಿಲ್ಲದ ಕೃತ್ಯಗಳಿಗೆ ಉಳಿದಿದ್ದ 377 ಈಗ ಪೂರ್ತಿ ಹೋಗಿದೆ. ನ್ಯಾಯ ಸಂಹಿತೆಯ ಅತ್ಯಾಚಾರದ ಕಲಂ ಹೆಣ್ಣನ್ನಷ್ಟೇ ಸಂತ್ರಸ್ತೆಯೆಂದು ಕಾಣುತ್ತದೆ. ಆ ಕೋಣೆಯಲ್ಲಿ ಯುವಕನ ಮೇಲೆ ಅತ್ಯಾಚಾರವೂ ನಡೆದಿದ್ದರೆ ಹಲ್ಲೆ, ಗಾಯ, ಅಕ್ರಮ ಬಂಧನದಂಥ ಕಲಮುಗಳಲ್ಲೇ ಅದನ್ನು ಹೇಳಿಕೊಳ್ಳಬೇಕು. ಸಂಸತ್ತು ಇದನ್ನು ತಿದ್ದಲೇಬೇಕು.

ಇನ್ನು ‘ನಿಮ್ಮನೆಗೂ ಹೇಳ್ತೀವಿ’ ಎಂಬ ಬೆದರಿಕೆ. ಅನೇಕರಿಗೆ ಠಾಣೆಗಿಂತ ಮನೆಯ ಭಯವೇ ದೊಡ್ಡದು: ಫೋನ್ ಕಿತ್ತುಕೊಳ್ಳುವುದು, ಕೂಡಿಹಾಕುವುದು, ‘ಸರಿಮಾಡಿಸಲು’ ವೈದ್ಯರ ಬಳಿ ಎಳೆದೊಯ್ಯುವುದು. ಹಾಗೆ ಬದಲಾಯಿಸುವ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ವಯಸ್ಕರನ್ನು ಮನೆಯವರು ಕೂಡಿಹಾಕಿದರೆ ಸಂಗಾತಿಯೋ ಗೆಳೆಯರೋ ಅವರನ್ನು ಹಾಜರುಪಡಿಸುವಂತೆ ಕೋರಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಕೇರಳದ ದೇವು ಜಿ. ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು ಇಂಥ ಅರ್ಜಿಗಳಿಗೆ ಮಾರ್ಗಸೂಚಿ ಕೊಟ್ಟಿತು: ಅರ್ಜಿಗೆ ಆದ್ಯತೆ ಸಿಗಬೇಕು, ಬಂಧನದಲ್ಲಿರುವವರ ಮನಸ್ಸು ತಿರುಗಿಸಲು ಕೌನ್ಸೆಲಿಂಗ್ ಬಳಸಬಾರದು, ಮನೆಯವರ ಒತ್ತಡ ತಾಗದಂತೆ ನ್ಯಾಯಾಧೀಶರು ಖಾಸಗಿಯಾಗಿ ಮಾತನಾಡಿಸಿ ಅವರ ಇಚ್ಛೆ ಏನೆಂದು ಅವರಿಂದಲೇ ಕೇಳಿ ತಿಳಿಯಬೇಕು.